ವಿದ್ವತ್ ಆಗಿದೆ, ಕಾಲೇಜಿಗೆ ಅರ್ಜಿ ಹಾಕಬಹುದಾ?

ಸಂಗೀತದ ವಿದ್ವತ್ ಪರೀಕ್ಷೆ ಒಂದನ್ನೇ ಇಟ್ಟುಕೊಂಡು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಅರ್ಜಿ ಹಾಕೋಕೆ ಆಗಲ್ಲ. ಹಾಸನದಲ್ಲಿ ಕಾಲೇಜು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ ಅಂತ ಗೊತ್ತಾದರೆ ಸಾಕು, ಮದುವೆ ಮನೆ ಪಂಕ್ತಿಯಲ್ಲೂ ಇದೇ ಪ್ರಶ್ನೆ. ಬಾಯಲ್ಲಿ ಹೇಳಿ ಸಾಕಾಗಿದೆ.

ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮ ಇದೆ. ಸಂಗೀತದಲ್ಲಿ ಸ್ನಾತಕೋತ್ತರ ಪದವಿ ಬೇಕು, ಅದರಲ್ಲಿ ಶೇ. 55 ಅಂಕ ಬೇಕು. ಪರಿಶಿಷ್ಟರಿಗೆ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ, ಅಂಗವಿಕಲರಿಗೆ ಶೇ. 5 ಸಡಿಲಿಕೆ ಉಂಟು. ಜೊತೆಗೆ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ (ದೇಶಮಟ್ಟದ್ದು) ಅಥವಾ ಕೆ-ಸೆಟ್ (ರಾಜ್ಯದ್ದು) ಪಾಸಾಗಿರಬೇಕು, ಇಲ್ಲವೇ ನಿಯಮದಂತೆ ಪಡೆದ ಪಿಎಚ್‌.ಡಿ. ಇರಬೇಕು. ಇನ್ನೊಂದು ದಾರಿಯೂ ಇದೆ. ಪದವಿ ಮುಗಿಸಿ, ಹೆಸರಾದ ಗುರುಗಳ ಹತ್ತಿರ ಕಲಿತು, ಆಕಾಶವಾಣಿ ಅಥವಾ ದೂರದರ್ಶನದ ‘ಎ’ ಗ್ರೇಡ್ ಕಲಾವಿದರಾಗಿರುವವರಿಗೆ ಅದು. ಆದರೆ ಅವರಿಗೂ ಕಲಿತದ್ದನ್ನು ಕಾರಣ ಸಮೇತ ವಿವರಿಸಲು ಬರಬೇಕು ಅಂತ ಆ ನಿಯಮವೇ ಹೇಳುತ್ತದೆ. ಅದರಲ್ಲಿ ನನಗೆ ಜಾಸ್ತಿ ಇಷ್ಟವಾದ ಮಾತು ಅದೇ.

ಇಷ್ಟು ಹೇಳಿದ ಕೂಡಲೇ ಬರುವ ಮಾತು: “ಹಾಡು ಹೇಳಿಕೊಡೋದು ತಾನೇ, ಅದಕ್ಕೆ ಯಾಕೆ ಇಷ್ಟೆಲ್ಲ?” ಇದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಇತಿಹಾಸದ ಮೇಷ್ಟ್ರನ್ನು ಯಾರೂ “ಕಥೆ ಹೇಳೋದು ತಾನೇ” ಅಂತ ಕೇಳಲ್ಲ. ಕರ್ನಾಟಕ ಸಂಗೀತದ ದೊಡ್ಡ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ರುದ್ರಪಟ್ಟಣ ಇರುವುದು ನಮ್ಮ ಅರಕಲಗೂಡು ತಾಲ್ಲೂಕಿನಲ್ಲೇ. ಇಂಥ ಜಿಲ್ಲೆಯಲ್ಲಿ ನಿಂತು ಹಾಗೆ ಮಾತಾಡಬಾರದು.

ಆ ರುದ್ರಪಟ್ಟಣದಲ್ಲೇ ಒಂದು ಸಲ, ತಂಬೂರಿ ಆಕಾರದ ಗುಡಿಯ ಮುಂದೆ, ಒಬ್ಬರು ನನ್ನನ್ನು ತಡೆದು ನಿಲ್ಲಿಸಿದರು. “ಮೇಡಂ, ಮಗಳದ್ದು ವಿದ್ವತ್ ಅಂತಿಮ ಆಯ್ತು. ಅರ್ಜಿ ಎಲ್ಲಿ ಸಿಗುತ್ತೆ?” ಮಗಳು ಪಕ್ಕದಲ್ಲೇ ಇದ್ದಳು. ಅವಳ ಪರವಾಗಿ ಎಲ್ಲವನ್ನೂ ಅಪ್ಪನೇ ಮಾತಾಡುತ್ತಿದ್ದರು. ನಾನು ಅವಳ ಕಡೆ ತಿರುಗಿದೆ. “ಸರಳೆ ವರಸೆ ಹಾಡುವಾಗ ಒಬ್ಬ ಹುಡುಗಿಗೆ ರಿಷಭ ನಿಲ್ತಾ ಇಲ್ಲ. ಏನು ಮಾಡ್ತೀಯಮ್ಮ?”

“ಅವಳು ಚೆನ್ನಾಗಿ ಹೇಳಿಕೊಡ್ತಾಳೆ ಮೇಡಂ,” ಅಂದರು ಅಪ್ಪ.

ಆರಂಭದ ಪಾಠವಾದ ಸರಳೆ ವರಸೆ ಹಾಡಿಸುವುದು ಮಾಯಾಮಾಳವಗೌಳ ರಾಗದಲ್ಲಿ. ಅದರ ರಿಷಭ, ಅಂದರೆ ‘ರಿ’, ಷಡ್ಜಕ್ಕೆ, ಅಂದರೆ ‘ಸ’ಗೆ, ತೀರಾ ಹತ್ತಿರ. ಹೊಸಬರ ದನಿ ಮೇಲಕ್ಕೆ ಜಾರುತ್ತದೆ. ಹುಡುಗಿ ಸ್ವಲ್ಪ ಯೋಚಿಸಿ ಹೇಳಿದಳು: “ಮೊದಲು ಅವಳು ಮಾತಾಡೋದು ಕೇಳ್ತೀನಿ. ದನಿ ಎಲ್ಲಿದೆ ನೋಡ್ಕೊಂಡು ಶ್ರುತಿ ಇಳಿಸ್ತೀನಿ. ಆಮೇಲೆ ಸ ರಿ ಸ, ಅಷ್ಟೇ ಹಾಡಿಸ್ತೀನಿ.”

ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಅವಳಿಗೆ ಎಂ.ಎ. ಆಗಿರಲಿಲ್ಲ. ಮಾಡಲೇಬೇಕು, ಬಿಡಬೇಡ ಅಂತ ಇಬ್ಬರಿಗೂ ಹೇಳಿ ಬಂದೆ.

ನೆಟ್‌ನಲ್ಲಿ ಇಂಥದ್ದು ಗೊತ್ತಾಗುವುದಿಲ್ಲ. ಮೂರು ಗಂಟೆ, 150 ಪ್ರಶ್ನೆ, ಎಲ್ಲವೂ ಸರಿ ಉತ್ತರ ಆರಿಸುವಂಥವು. ಸಂಗೀತದ ಅಭ್ಯರ್ಥಿಯೂ ಒಂದು ಸ್ವರ ಹಾಡಬೇಕಿಲ್ಲ. ಪರೀಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. ಶಾಸ್ತ್ರ ಓದಲೇಬೇಕು, ರಾಗಗಳ ಲಕ್ಷಣ ಗೊತ್ತಿರಲೇಬೇಕು. ಆದರೆ ಕ್ಲಾಸಿನಲ್ಲಿ ಬೇಕಾಗುವ ಕಿವಿ ಬೇರೆ.

ನನ್ನ ಮುಂದೆ ಕೂರುವವರು ಏಳನೇ ವಯಸ್ಸಿಗೆ ಗುರುಗಳ ಮನೆಗೆ ಹೋದ ಮಕ್ಕಳಲ್ಲ. ಹದಿನೆಂಟು ತುಂಬಿದ ಮೇಲೆ ಮೊದಲ ಸಲ ಶ್ರುತಿಪೆಟ್ಟಿಗೆ ಮುಂದೆ ಕೂತವರು. ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಾರೆ. ಮನೆಯಲ್ಲಿ ಸಾಧನೆ ಮಾಡಲು ಜಾಗ ಇರಲ್ಲ, ದನಿ ಎತ್ತಿದರೆ ಬೈಗುಳ. ನನ್ನ ಶ್ರುತಿಯಲ್ಲಿ ಹಾಡಿಸಿದರೆ ಅರ್ಧ ಜನರಿಗೆ ಮೇಲಿನ ಷಡ್ಜ ಎಟುಕಲ್ಲ. ಎಟುಕದಿದ್ದರೆ ತಮಗೆ ಸಂಗೀತ ಬರಲ್ಲ ಅಂದುಕೊಂಡು ಸುಮ್ಮನಾಗಿಬಿಡುತ್ತಾರೆ. ಅವರನ್ನು ಹೇಗೆ ಹಾಡಿಸ್ತೀರಿ ಅಂತ ಯಾರಾದರೂ ಕೇಳಿದರೆ ನಾನು ಊಟ ಬಿಟ್ಟು ಉತ್ತರ ಹೇಳುತ್ತೇನೆ.

ಅಧಿಸೂಚನೆ ಬಂದಾಗ ಪೂರ್ತಿ ಓದಿ, ಅರ್ಹತೆ ಇದ್ದರೆ ಅರ್ಜಿ ಹಾಕಿ. ಅದಕ್ಕೂ ಮೊದಲು, ನಿಮ್ಮ ಬೀದಿಯಲ್ಲಿ ಹಾಡಲು ನಾಚುವ ಒಂದು ಹುಡುಗಿಯನ್ನು ಕರೆದು ಸ ಪ ಸ ಹಾಡಿಸಿ ನೋಡಿ. ಹೆತ್ತವರಿಗೆ ಒಂದು ಮಾತು: ಈ ಸಲ ಮಗಳೇ ಬಂದು ಕೇಳಲಿ.