ಬೀಟೆ, ಹೊನ್ನೆಗೆ ಬೆವೆಲ್-ಅಪ್ ಹತ್ತರಿ: ಕೊಳ್ಳುವ ಮುಂಚೆ, ಕೊಂಡ ಮೇಲೆ

ನಮ್ಮದು ಸಣ್ಣ ಮರಗೆಲಸದ ಶೆಡ್ಡು. ಹೆಚ್ಚಿನ ಕೆಲಸ ತೇಗ ಮತ್ತು ಹಲಸಿನದ್ದು. ಹಳೇ ಮನೆ ಕೆಡವಿದ ಕಡೆಯಿಂದ ಹೊನ್ನೆ, ಹೆಬ್ಬಲಸು ಬರುತ್ತವೆ. ಅಪರೂಪಕ್ಕೆ ಬೀಟೆಯ ತೊಲೆಯೂ ಸಿಗುತ್ತದೆ. ನೇರ ನಾರಿನ ತೇಗಕ್ಕೆ ಯಾವ ಹತ್ತರಿ (ಮರ ಹೆರೆಯುವ ಉಜ್ಜುಗೊರಡು) ಬೇಕು ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಸಾಣೆ ಸರಿಯಿದ್ದರೆ ಕೈಗೆ ಸಿಕ್ಕಿದ್ದು ನಡೆಯುತ್ತದೆ. ತಕರಾರು ಶುರುವಾಗುವುದು ಬೀಟೆ, ಹೊನ್ನೆ ಹಲಗೆಗಳಲ್ಲಿ. ಇವುಗಳ ನಾರು ಒಂದು ಪದರದಲ್ಲಿ ಒಂದು ಕಡೆ, ಮುಂದಿನ ಪದರದಲ್ಲಿ ಇನ್ನೊಂದು ಕಡೆ ವಾಲಿ ಬೆಳೆದಿರುತ್ತದೆ. ಕೊಯ್ದ ಹಲಗೆಯ ಮೇಲೆ ಅದು ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಒಂದು ಪಟ್ಟೆಯ ಮೇಲೆ ಹತ್ತರಿ ಸಲೀಸಾಗಿ ಹೋದರೆ ಪಕ್ಕದ ಪಟ್ಟೆಯಲ್ಲಿ ಎದುರು ನಾರು, ಎಳೆ ಕಿತ್ತು ಬರುತ್ತದೆ. ಹಲಗೆ ತಿರುಗಿಸಿ ಹೊಡೆದರೆ ಮೊದಲು ನುಣ್ಣಗಾಗಿದ್ದದ್ದು ಕೀಳುತ್ತದೆ.

ಸ್ಯಾಂಡರ್ (ಉಜ್ಜುಕಾಗದದ ಮಶೀನು) ಹಾಕಿ ಮುಗಿಸಿಬಿಡಿ ಅನ್ನುವವರು ಇದ್ದಾರೆ. ತೇಗದ ಪ್ಲೈ ಕಪಾಟಿಗೆ ನಾನೂ ಅದನ್ನೇ ಮಾಡುತ್ತೇನೆ. ಆದರೆ ಬೀಟೆಯ ಧೂಳು ಒಳ್ಳೆಯದಲ್ಲ. ಕೆಲವರಿಗೆ ಚರ್ಮದಲ್ಲಿ ತುರಿಕೆ, ಮೂಗು ಕಣ್ಣಿನಲ್ಲಿ ಉರಿ ಬರುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ದಿನವಿಡೀ ಅದನ್ನು ಹಾರಿಸಿದರೆ ಪಕ್ಕದಲ್ಲಿ ಕೆಲಸ ಮಾಡುವವರೂ ಅನುಭವಿಸಬೇಕು. ಹತ್ತರಿಯಿಂದ ಬರುವುದು ಸುರುಳಿ, ಅದನ್ನು ಪೊರಕೆಯಲ್ಲಿ ಗುಡಿಸಿದರಾಯಿತು. ಎಣ್ಣೆ ಹಚ್ಚಿದ ಮೇಲೆ ಹತ್ತರಿ ಹೊಡೆದ ಬೀಟೆಯ ಕಪ್ಪು ಗೆರೆಗಳು ಕಾಣುವ ರೀತಿಯೇ ಬೇರೆ. ಸ್ಯಾಂಡರಿನ ಸುಳಿ ಗೀರುಗಳು ಅಲ್ಲಿ ಇರುವುದಿಲ್ಲ, ಅಲ್ವಾ?

ಈ ಕೆಲಸಕ್ಕೇ ನಾವು ಬೆವೆಲ್-ಅಪ್ ಸ್ಮೂದರ್ (ಕೊನೆಯ ನುಣುಪಿನ ಹತ್ತರಿ) ಇಟ್ಟುಕೊಂಡಿರುವುದು. ಸಾಮಾನ್ಯ ಕಬ್ಬಿಣದ ಹತ್ತರಿಯಲ್ಲಿ ಬ್ಲೇಡಿನ ಓರೆ, ಅಂದರೆ ಮಸೆದ ಇಳಿಜಾರು ಬದಿ, ಕೆಳಗೆ ಮುಖ ಮಾಡಿರುತ್ತದೆ, ಬ್ಲೇಡು 45 ಡಿಗ್ರಿಯಲ್ಲಿ ಕೂತಿರುತ್ತದೆ. ಓರೆಯನ್ನು 25 ಡಿಗ್ರಿಗೆ ಮಸೆದರೂ 30ಕ್ಕೆ ಮಸೆದರೂ ಮರಕ್ಕೆ ತಾಗುವ ಕೋನ ಆ 45 ಮಾತ್ರ. ಬೆವೆಲ್-ಅಪ್‌ನಲ್ಲಿ ಬ್ಲೇಡು ಬರೀ 12 ಡಿಗ್ರಿಯಲ್ಲಿ ಮಲಗಿರುತ್ತದೆ, ಓರೆ ಮೇಲೆ. ಹಾಗಾಗಿ ಮಸೆದ ಕೋನವನ್ನು 12ಕ್ಕೆ ಕೂಡಿಸಬೇಕು. 25ಕ್ಕೆ ಮಸೆದರೆ 37. 38ಕ್ಕೆ ಮಸೆದರೆ 50. 50ಕ್ಕೆ ಮಸೆದರೆ 62.

37 ಡಿಗ್ರಿ ಹಲಗೆಯ ತುದಿಯ ಅಡ್ಡ ಕೊಯ್ತಕ್ಕೆ ಚೆನ್ನ. ಅದನ್ನೇ ಬೀಟೆಯ ಮುಖಕ್ಕೆ ಹಾಕಿದರೆ ಅನಾಹುತ. ಕಡಿಮೆ ಕೋನದ ಬ್ಲೇಡು ಎಳೆಯನ್ನು ಕತ್ತರಿಸುವ ಮೊದಲೇ ಎತ್ತುತ್ತದೆ. ಎದುರು ನಾರಿನಲ್ಲಿ ಆ ಸೀಳು ಬ್ಲೇಡಿಗಿಂತ ಮುಂದೆ, ಮರದ ಒಳಕ್ಕೆ ಓಡುತ್ತದೆ. ಕೋನ ಕಡಿದಾದರೆ ಸುರುಳಿ ಅಂಚಿನಲ್ಲೇ ಮಡಚಿಕೊಂಡು ಮುರಿಯುತ್ತದೆ, ಸೀಳು ಓಡಲು ಜಾಗ ಸಿಗುವುದಿಲ್ಲ. 62 ಡಿಗ್ರಿಯಲ್ಲಿ ಹತ್ತರಿ ಹೆಚ್ಚುಕಡಿಮೆ ಕೆರೆಯುತ್ತಲೇ ಹೋಗುತ್ತದೆ. ಇದಕ್ಕೆ ಬೆಲೆಯೂ ಇದೆ. ತಳ್ಳಲು ಜಾಸ್ತಿ ಬಲ ಬೇಕು, ಬ್ಲೇಡು ಬೇಗ ಮೊಂಡಾಗುತ್ತದೆ, ಮೆತ್ತನೆ ಮರದಲ್ಲಿ ಹೊಳಪು ಬರುವುದಿಲ್ಲ. ಅದಕ್ಕೇ ನಾನು ಹೊನ್ನೆಯಂಥ ಮರಕ್ಕೆ ಮೊದಲು 50 ಡಿಗ್ರಿಯಲ್ಲೇ ನೋಡುತ್ತೇನೆ. ಕೀಳುವುದು ನಿಲ್ಲದಿದ್ದರೆ ಮಾತ್ರ ಮೇಲಕ್ಕೆ.

ಕೋನ ಬದಲಿಸಲು ಇಡೀ ಓರೆಯನ್ನು ಅರೆಯಬೇಕಿಲ್ಲ. ಅಂಚಿನ ಕೊನೆಯ ಅರ್ಧ ಮಿಲಿಮೀಟರ್ ಮಾತ್ರ ಕೆಲಸ ಮಾಡುವುದು. 25 ಡಿಗ್ರಿಯ ಬ್ಲೇಡಿಗೆ ತುದಿಯಲ್ಲಷ್ಟೇ 38ರ ಸಣ್ಣ ಓರೆ ಕೊಟ್ಟರೆ ಸಾಕು. ಆದರೆ ಇದಕ್ಕೆ ಹೋನಿಂಗ್ ಗೈಡ್ (ಮಸೆಯುವಾಗ ಬ್ಲೇಡನ್ನು ಒಂದೇ ಕೋನದಲ್ಲಿ ಹಿಡಿಯುವ ಸಾಧನ) ಬೇಕೇ ಬೇಕು. ಕೈಯಲ್ಲೇ ಹಿಡಿದು ಮಸೆಯುವ ಹಳಬರಿಗೆ ಈ ಮಾತು ಇಷ್ಟವಾಗುವುದಿಲ್ಲ, ಗೊತ್ತು. ಸಾಮಾನ್ಯ ಹತ್ತರಿಯಲ್ಲಿ ಅವರ ಕೈ ಎರಡು ಮೂರು ಡಿಗ್ರಿ ಆಚೀಚೆ ಆದರೂ ಮರಕ್ಕೆ ಗೊತ್ತಾಗುವುದಿಲ್ಲ. ಇಲ್ಲಿ ಪ್ರತಿ ಡಿಗ್ರಿಯೂ ನೇರ ಮರಕ್ಕೆ ಹೋಗುತ್ತದೆ. ಗೈಡಿನಿಂದ ಬ್ಲೇಡು ಎಷ್ಟು ಮುಂದೆ ಚಾಚಬೇಕು ಅನ್ನುವುದಕ್ಕೆ ಒಂದು ಮರದ ತುಂಡಿನ ಮೇಲೆ ಪಟ್ಟಿ ಹೊಡೆದು ಇಟ್ಟುಕೊಂಡಿದ್ದೇವೆ. ಯಾರು ಮಸೆದರೂ ಕೋನ ಒಂದೇ.

ಸಾಣೆಯಲ್ಲಿ ಇನ್ನೊಂದು ಫರಕಿದೆ. ಈ ಬ್ಲೇಡಿನ ಚಪ್ಪಟೆ ಬದಿ ಕೆಳಗಿರುತ್ತದೆ. ಮರದ ಮೇಲೆ ಉಜ್ಜಿ ಸವೆಯುವುದೂ ಆ ಬದಿಯೇ. ನಾವು ಮಸೆಯುವುದು ಮೇಲಿನ ಓರೆಯನ್ನು. ಮೇಲೆ ನಾಲ್ಕು ಸಲ ಉಜ್ಜಿ ಸಾಕು ಅಂದುಕೊಂಡರೆ ಕೆಳಗಿನ ಸವೆತ ಹಾಗೇ ಉಳಿಯುತ್ತದೆ. ಬ್ಲೇಡು ಹೊಳೆಯುತ್ತದೆ, ಆದರೆ ಕಚ್ಚುವುದಿಲ್ಲ. ಹಿಂಬದಿಯಲ್ಲಿ ಇಡೀ ಅಗಲಕ್ಕೂ ಬರ್ (ಮಸೆದಾಗ ಅಂಚಿನಾಚೆ ಮಡಚಿಕೊಳ್ಳುವ ತೆಳು ಲೋಹದ ಎಳೆ) ಕೈಗೆ ತಗಲುವ ತನಕ ಒರಟು ಕಲ್ಲಿನ ಮೇಲೇ ಇರಬೇಕು. ತೇಗದಲ್ಲಿ ಬ್ಲೇಡು ಸವೆಸುವ ಸಿಲಿಕಾ (ಮರಳಿನ ಅಂಶ) ಇರುವುದರಿಂದ ಇದು ಇನ್ನೂ ಬೇಗ ಬೇಕಾಗುತ್ತದೆ.

ಬ್ಲೇಡಿನ ಮೂಲೆಗಳು ಹಲಗೆಯ ಮೇಲೆ ಗೀರು ಬಿಡದಿರಲಿ ಅಂತ ಅಂಚಿಗೆ ಸ್ವಲ್ಪ ಬಾಗು ಕೊಡುವುದು ರೂಢಿ. 45 ಡಿಗ್ರಿ ಹತ್ತರಿಯಲ್ಲಿ ಮೂಲೆಗಳು 0.05 ಮಿಮೀ ಮೇಲೇಳಬೇಕಾದರೆ ಬ್ಲೇಡಿನಲ್ಲಿ 0.07 ಮಿಮೀ ಬಾಗು ಸಾಕು. 12 ಡಿಗ್ರಿಯಲ್ಲಿ ಮಲಗಿದ ಬ್ಲೇಡಿಗೆ ಅದೇ ಫಲ ಬರಲು 0.24 ಮಿಮೀ ಬೇಕು, ಮೂರು ಪಟ್ಟಿಗಿಂತ ಜಾಸ್ತಿ. 50 ಡಿಗ್ರಿಗೆ ಮಸೆದ ದಪ್ಪ ಅಂಚಿನಲ್ಲಿ ಅಷ್ಟು ಬಾಗು ತರುವುದು ಬೇಸರದ ಕೆಲಸ. ನಾನು ಎರಡು ಮೂಲೆಗಳನ್ನಷ್ಟೇ ದುಂಡಗೆ ಮಾಡಿ ಸುಮ್ನೆ ಬಿಡುತ್ತೇನೆ.

ಓಡಿಸುವಾಗ ಮರೆಯಬಾರದ ವಿಷಯವೊಂದಿದೆ. ಹತ್ತರಿಯನ್ನು ಓರೆಯಾಗಿ ತಿರುಗಿಸಿ ತಳ್ಳುವುದು ನಮ್ಮೆಲ್ಲರಿಗೂ ಅಭ್ಯಾಸ, ಹಗುರವಾಗುತ್ತದೆ. ಹಗುರವಾಗುವುದು ಯಾಕೆಂದರೆ ಕೋನ ಕಡಿಮೆಯಾಗುತ್ತದೆ. ಮರಕ್ಕೆ 50 ಡಿಗ್ರಿಯಲ್ಲಿ ತಾಗುವ ಬ್ಲೇಡನ್ನು 30 ಡಿಗ್ರಿ ತಿರುಗಿಸಿ ತಳ್ಳಿದರೆ ಮರಕ್ಕೆ ಸಿಗುವುದು ಸುಮಾರು 46. ಕಷ್ಟಪಟ್ಟು ಮಸೆದ ಕೋನವನ್ನು ಕೈಯಾರೆ ಬಿಟ್ಟುಕೊಟ್ಟ ಹಾಗೆ. ಹೊಸ ಹುಡುಗರಿಗೆ ನಾನು ಮೊದಲು ಹೇಳುವುದೇ ಇದನ್ನು: ಎದುರು ನಾರಿದ್ದರೆ ನೇರ ತಳ್ಳು. ಭಾರ ಅನ್ನಿಸಿದರೆ ತಳಕ್ಕೆ ಮೇಣದ ಬತ್ತಿ ಉಜ್ಜು. ಕಡಿದಾದ ಕೋನದಲ್ಲಿ ಮೇಣ ಹಚ್ಚಿದ್ದಕ್ಕೂ ಹಚ್ಚದ್ದಕ್ಕೂ ಭಾರೀ ವ್ಯತ್ಯಾಸ.

ಬಾಯಿ (ತಳದಲ್ಲಿ ಬ್ಲೇಡು ಇಣುಕುವ ಸಂದು) ಕಿರಿದು ಮಾಡಲು ಮುಂದಿನ ತಳ ಜಾರುತ್ತದೆ, ಗುಬುಟು ಸಡಿಲಿಸಿದರೆ ಆಯಿತು. ಆದರೆ ಬಾಯಿ ಮುಚ್ಚಿಟ್ಟು ಬ್ಲೇಡನ್ನು ಕೆಳಗಿಳಿಸಿದರೆ ಅಂಚು ಮುಂದಿನ ತಳಕ್ಕೆ ತಾಗಿ ಚೂರಾಗುತ್ತದೆ. ಮೊದಲು ಬಾಯಿ ತೆರೆದು, ಬ್ಲೇಡು ಹೊಂದಿಸಿ, ಆಮೇಲೆ ಮುಚ್ಚಬೇಕು. ಹಳೇ ತೊಲೆಯಾದರೆ ಅದಕ್ಕೂ ಮೊದಲು ಆಯಸ್ಕಾಂತ ಆಡಿಸಿ ಮೊಳೆ ನೋಡಿ. ಒಂದು ಮುರಿದ ಮೊಳೆ ಸಿಕ್ಕಿದರೆ ಅರ್ಧ ದಿನ ಸಾಣೆಗೇ ಹೋಗುತ್ತದೆ.

ಹಾಗಾದರೆ ಎಲ್ಲರೂ ಇದನ್ನು ಕೊಳ್ಳಬೇಕೇ? ನನ್ನ ಮಟ್ಟಿಗೆ ಇಲ್ಲ. ಸಾಮಾನ್ಯ ಹತ್ತರಿಯ ಬ್ಲೇಡಿನ ಮೇಲೆ ಚಿಪ್ ಬ್ರೇಕರ್ ಅನ್ನುವ ಇನ್ನೊಂದು ಕಬ್ಬಿಣದ ಪಟ್ಟಿ ಇರುತ್ತದೆ. ಅದನ್ನು ಅಂಚಿಗೆ ತೀರಾ ಹತ್ತಿರ, ಕೂದಲೆಳೆಯಷ್ಟು ಬಿಟ್ಟು ಕೂರಿಸಿದರೆ ಅದೂ ಸುರುಳಿಯನ್ನು ಮಡಚಿ ಸೀಳು ನಿಲ್ಲಿಸುತ್ತದೆ. ಜಪಾನಿನ ಯಮಗಾತ ವಿಶ್ವವಿದ್ಯಾಲಯದ ಕವಾಯ್ ಮತ್ತು ಕಾಟೊ ಇದನ್ನು ಹತ್ತಿರದಿಂದ ಚಿತ್ರೀಕರಿಸಿ ತೋರಿಸಿದ್ದಾರೆ. ನೋಡಿದರೆ ಅನುಮಾನ ಉಳಿಯುವುದಿಲ್ಲ. ಪಂಜಾಬಿನ ಕಾರ್ಖಾನೆಗಳಿಂದ ಬರುವ ಅಗ್ಗದ ಹತ್ತರಿಯಲ್ಲೂ ಚಿಪ್ ಬ್ರೇಕರಿನ ತುದಿಯನ್ನು ಬೆಳಕು ನುಸುಳದ ಹಾಗೆ ಉಜ್ಜಿ ಕೂರಿಸಿದರೆ ಹೆಚ್ಚಿನ ಬೀಟೆ ಹಲಗೆ ನುಣ್ಣಗಾಗುತ್ತದೆ. ಆ ಹೊಂದಾಣಿಕೆಗೆ ಕೈ ಪಳಗಿದವರಿಗೆ ಬೆವೆಲ್-ಅಪ್ ಅಗತ್ಯವೇನಲ್ಲ. ಹಲವರು ಒಂದೇ ಹತ್ತರಿ ಬಳಸುವ ನಮ್ಮಂಥ ಕಡೆ, ಬ್ಲೇಡು ಹಾಕಿದರೆ ಸಾಕು ಕೆಲಸ ನಡೆಯಬೇಕು ಅನ್ನುವ ಕಡೆ ಇದು ಒಗ್ಗುತ್ತದೆ.

ಕೊಳ್ಳುವುದೇ ಆದರೆ ಮಾದರಿಗಳು ಹೆಚ್ಚಿಲ್ಲ. ಅಮೆರಿಕದ ಲೈ-ನೀಲ್ಸನ್ 164, ಕೆನಡಾದ ವೆರಿಟಾಸ್ ಸ್ಮೂದರ್ ಹೆಸರು ಮಾಡಿದವು. ಎರಡರ ಮೈಯೂ ಡಕ್ಟೈಲ್ (ಸುಲಭಕ್ಕೆ ಒಡೆಯದ) ಎರಕದ್ದು. ಹಳೇ ಸ್ಟ್ಯಾನ್ಲಿ ಕಂಪನಿಯ ಹತ್ತರಿಗಳಿಗೆ ಹೋಲಿಸಿದರೆ ನೆಲಕ್ಕೆ ಬಿದ್ದು ಬಿರುಕು ಬಿಡುವ ಭಯ ಕಡಿಮೆ. ವೆರಿಟಾಸ್‌ನಲ್ಲಿ ಸ್ಮೂದರ್, ಲೋ-ಆಂಗಲ್ ಜಾಕ್ (ನಡು ಉದ್ದದ ಹತ್ತರಿ), ಬೆವೆಲ್-ಅಪ್ ಜಾಯಿಂಟರ್ (ಉದ್ದ ಹತ್ತರಿ) ಮೂರಕ್ಕೂ ಒಂದೇ ಎರಡೂಕಾಲು ಇಂಚಿನ ಬ್ಲೇಡು ಕೂರುತ್ತದೆ. ಒಂದೇ ಹತ್ತರಿಗೆ ದುಡ್ಡಿದ್ದರೆ ನಾನು 15 ಇಂಚಿನ ಜಾಕನ್ನೇ ಹೇಳುತ್ತೇನೆ. ಅದರಲ್ಲಿ ಹಲಗೆ ಮಟ್ಟವೂ ಆಗುತ್ತದೆ, 38ರ ಬ್ಲೇಡು ಹಾಕಿದರೆ ನುಣುಪೂ ಆಗುತ್ತದೆ. ಬರೀ ಕೊನೆಯ ನುಣುಪಿನ ಕೆಲಸವೇ ಜಾಸ್ತಿಯಿದ್ದರೆ ಮಾತ್ರ 10 ಇಂಚಿನ ಸ್ಮೂದರ್. ಎರಡರಲ್ಲಿ ಯಾವ ಹತ್ತರಿ ಕೊಂಡರೂ ಇನ್ನೊಂದು ಬ್ಲೇಡನ್ನು ಜೊತೆಗೇ ತರಿಸಿ. ಆಮೇಲೆ ಅದೊಂದನ್ನೇ ತರಿಸಲು ಹೋದರೆ ಸಾಗಣೆ ಖರ್ಚೇ ನೋಯುತ್ತದೆ.