ಮಲಗಿದವರನ್ನು ಎಬ್ಬಿಸಬೇಕಾದ ರೇಡಿಯೊ

ನಾವಿರುವ ಅಮೆರಿಕದ ಒಕ್ಲಹೋಮಾ ರಾಜ್ಯದ ನಾರ್ಮನ್‌ನಲ್ಲಿ ಸುಂಟರಗಾಳಿಯ ಸೈರನ್‌ಗಳಿವೆಯಾದರೂ ಅವು ಮುಖ್ಯವಾಗಿ ಬಯಲಿನಲ್ಲಿರುವವರಿಗಾಗಿ ಇಟ್ಟಂಥವು. ಕಿಟಕಿ ಮುಚ್ಚಿಕೊಂಡು ಮಲಗಿದವರಿಗೆ ಕೇಳಿಸಿಯೇ ತೀರುತ್ತವೆಂಬ ಭರವಸೆಯಿಲ್ಲ. ದಾವಣಗೆರೆಯಿಂದ ಬಂದ ಅತ್ತೆಯವರು ರಾತ್ರಿ ಶ್ರವಣಯಂತ್ರ ತೆಗೆದಿಟ್ಟರೆ ಬಾಗಿಲು ಬಡಿದದ್ದೂ ಅವರಿಗೆ ತಿಳಿಯುವುದಿಲ್ಲ. ಹಾಗಾಗಿ ಸುಂಟರಗಾಳಿಗಳು ಹೆಚ್ಚುವ ಏಪ್ರಿಲ್‌ಗೆ ಮೊದಲೇ ಹವಾಮಾನ ಎಚ್ಚರಿಕೆಯ ರೇಡಿಯೊವೊಂದನ್ನು ತಂದು ಅವರ ಕೋಣೆಯಲ್ಲಿ ಕೂರಿಸಿದೆವು.

ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಈ ಪ್ರಸಾರ 162.400ರಿಂದ 162.550 ಮೆಗಾಹರ್ಟ್ಸ್‌ವರೆಗಿನ ಏಳು ತರಂಗಾಂತರಗಳಲ್ಲಿ ಹಗಲೂ ರಾತ್ರಿ ನಡೆಯುತ್ತದೆ. ಸಾಮಾನ್ಯ ಎಫ್‌ಎಂ ರೇಡಿಯೊ ಇದನ್ನು ಹಿಡಿಯದು. ನಮ್ಮ ಭಾಗಕ್ಕೆ 162.400. ಮಂಚದ ಪಕ್ಕದಲ್ಲಿ ಬರೀ ಗೊರಗೊರ ಎನ್ನುತ್ತಿದ್ದ ದನಿ ಕಿಟಕಿಯ ಬಳಿ ಸ್ಪಷ್ಟವಾಯಿತು. ಬಳಿಕ 040027 ಎಂಬ ಸಂಕೇತವನ್ನು ತುಂಬಿಸಿದೆವು: ಮೊದಲ ಸೊನ್ನೆ ಇಡೀ ಕೌಂಟಿಗೆ (ಕೌಂಟಿ ಎಂದರೆ ನಮ್ಮ ಕಡೆಯ ಜಿಲ್ಲೆಯಂಥದ್ದು), 40 ಒಕ್ಲಹೋಮಾಕ್ಕೆ, 027 ನಮ್ಮ ಕ್ಲೀವ್‌ಲ್ಯಾಂಡ್ ಕೌಂಟಿಗೆ. ಆ ಸಂಕೇತ ಹೊತ್ತ ಎಚ್ಚರಿಕೆ ಬರುವವರೆಗೂ ರೇಡಿಯೊ ಮೌನವಾಗಿರುತ್ತದೆ. ಸುತ್ತಲಿನ ಕೌಂಟಿಗಳೆಲ್ಲವನ್ನೂ ಸೇರಿಸಿರೆಂದು ನೆರೆಯವರು ಹೇಳಿದರು, ನನಗದು ಒಪ್ಪಿಗೆಯಾಗಲಿಲ್ಲ. ಇಲ್ಲಿ ಬಿರುಗಾಳಿಗಳು ಬಹುಪಾಲು ನೈಋತ್ಯದಿಂದ ಬರುವುದರಿಂದ ಆ ದಿಕ್ಕಿನ ಮೆಕ್‌ಕ್ಲೇನ್ ಕೌಂಟಿಯನ್ನು ಮಾತ್ರ ಸೇರಿಸಿದೆ. ಯಾರದೋ ಊರಿನ ಮಳೆಗೆ ನಡುರಾತ್ರಿ ಕಿರುಚುವ ಪೆಟ್ಟಿಗೆಯನ್ನು ಮನೆಯವರೇ ಒಂದು ದಿನ ಆರಿಸಿಬಿಡುತ್ತಾರೆ.

ನಿಜವಾದ ಕೆಲಸ ಉಳಿದದ್ದು, ಎಚ್ಚರಿಕೆ ಬಂದಾಗ ನಡುಗಿ ಅತ್ತೆಯವರನ್ನು ಎಬ್ಬಿಸಬೇಕಾದ, ದಿಂಬಿನಡಿಯ ಕಂಪನದ ಬಿಲ್ಲೆಯಲ್ಲಿ. ರೇಡಿಯೊದ ಹಿಂಬದಿಯ ತೂತಿಗೆ ಅದರ ತಂತಿ ಸಿಕ್ಕಿಸಿ ಪರೀಕ್ಷೆಯ ಗುಂಡಿ ಒತ್ತಿದಾಗ ದಿಂಬು ಗದಗದ ನಡುಗಿತು. ಆದರೆ ಬಿರುಗಾಳಿಯೊಡನೆ ಮೊದಲು ಹೋಗುವುದೇ ಕರೆಂಟು ಎಂಬುದು ನೆನಪಾಗಿ ಗೋಡೆಯ ಪ್ಲಗ್‌ಗಳನ್ನು ಕಿತ್ತು ನೋಡಿದೆವು: ರೇಡಿಯೊ ತನ್ನೊಳಗಿನ ಬ್ಯಾಟರಿಯಿಂದ ನಡೆಯುತ್ತಲೇ ಇತ್ತು, ಬಿಲ್ಲೆ ಮಾತ್ರ ಸತ್ತು ಬಿದ್ದಿತ್ತು. ಅದರ ಅಡಾಪ್ಟರನ್ನು ಕಂಪ್ಯೂಟರಿನ ಹಳೆಯ ಯುಪಿಎಸ್‌ಗೆ ಜೋಡಿಸಿದ ಮೇಲೆ ಕತ್ತಲಲ್ಲೂ ನಡುಗಿತು.

ಬುಧವಾರ ಮಧ್ಯಾಹ್ನಕ್ಕೆ ಮುನ್ನ ವಾರದ ಪರೀಕ್ಷಾ ಸಂದೇಶ ಬಂದು ರೇಡಿಯೊದ ಪರದೆಯ ಮೇಲೆ ಮೂಡಿತು. ಆದರೆ ದಿಂಬು ಅಲುಗಲಿಲ್ಲ. ನಮ್ಮ ರೇಡಿಯೊ ವಾರದ ಪರೀಕ್ಷೆಗೆ ತನ್ನ ಎಚ್ಚರಿಕೆಯ ಸದ್ದು ಹೊಡೆಯುವುದಿಲ್ಲ, ಹಾಗಾಗಿ ಬಿಲ್ಲೆಯೂ ನಡುಗುವುದಿಲ್ಲ. ಪ್ರಸಾರವೂ ಸಂಕೇತವೂ ಸರಿಯಿವೆಯೆಂದು ಬುಧವಾರ ತಿಳಿಯುತ್ತದೆ, ಬಿಲ್ಲೆಯನ್ನು ನಾವೇ ಗುಂಡಿ ಒತ್ತಿ ನೋಡಿಕೊಳ್ಳಬೇಕು. ಆಕಾಶ ಕೆಟ್ಟಿರುವ ದಿನ, ಜನ ಗೊಂದಲಕ್ಕೀಡಾಗಬಾರದೆಂದು, ಆ ಪರೀಕ್ಷೆಯನ್ನು ಕೈಬಿಡುತ್ತಾರೆ.

ಅತ್ತೆಯವರು ಮಲಗಿಯೇ ಕಂಪನವನ್ನು ಪರೀಕ್ಷಿಸಿ, "ಎಬ್ಬಿಸೋದೇನೋ ಎಬ್ಬಿಸ್ತೈತಿ, ಎದ್ದು ಎಲ್ಲಿಗೆ ಹೋಗ್ಬೇಕವ್ವಾ?" ಎಂದರು. ಇಲ್ಲಿಯ ಬಹಳಷ್ಟು ಮನೆಗಳಂತೆ ನಮ್ಮದಕ್ಕೂ ನೆಲಮಾಳಿಗೆಯಿಲ್ಲ. ಮನೆಯ ನಡುವೆ, ಕಿಟಕಿಯಿಲ್ಲದ, ಬಟ್ಟೆ ಇಡುವ ಕೋಣೆಯಲ್ಲಿ ತುಂಬಿದ್ದ ಸೂಟ್‌ಕೇಸುಗಳನ್ನು ಅಂದು ಸಂಜೆಯೇ ಗ್ಯಾರೇಜಿಗೆ ಸಾಗಿಸಿ, ಆ ಕೋಣೆಯಲ್ಲೇ ಒಂದು ಕುರ್ಚಿ, ಟಾರ್ಚು, ಅವರ ಬೂಟು ಮತ್ತು ಶ್ರವಣಯಂತ್ರದ ಬದಲಿ ಬ್ಯಾಟರಿಗಳನ್ನು ಇರಿಸಿದೆವು.