ಅಪ್ಪ-ಅಮ್ಮ ಶಾಲೆಗೆ ಬರುವ ದಿನಕ್ಕೆ ಐದು ವಾರದ ತಯಾರಿ

ಸಾಗರ ಸೀಮೆಯ ಹಿರಿಯ ಪ್ರಾಥಮಿಕ ಶಾಲೆ. 64 ಮಕ್ಕಳು, ನಾಲ್ಕು ಕೋಣೆ, ಹಂಚಿನ ಮಾಡು. ಪಾಲಕರು ಶಾಲೆಗೇ ಬಂದು ಮಕ್ಕಳ ಕಲಿಕೆ ನೋಡುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮ ಯಾರಿಗೂ ಹೊಸದಲ್ಲ. ಆದರೆ ಎಷ್ಟೋ ಕಡೆ ಅದು ವೇದಿಕೆ, ಹಾರ, ಭಾಷಣದಲ್ಲೇ ಮುಗಿದುಹೋಗುತ್ತದೆ. ಪಾಲಕರು ಮಗು ಬರೆಯುವ ಪಟ್ಟಿಯನ್ನು (ನೋಟ್‌ಬುಕ್) ಬಿಡಿಸಿ ನೋಡದೆಯೇ ಉಂಡು ಮನೆಗೆ ಹೋಗುತ್ತಾರೆ. ಹಾಗಾಗಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಹಳೆ ವಿದ್ಯಾರ್ಥಿಗಳು, ಸ್ತ್ರೀಶಕ್ತಿ ಸಂಘದವರು ಸೇರಿ ಈ ಸಲ ಒಂದೇ ಷರತ್ತು ಹಾಕಿಕೊಂಡದ್ದು: ಪ್ರತಿ ಮನೆಯಿಂದ ಒಬ್ಬರಾದರೂ ತಮ್ಮ ಮಗುವಿನ ಪಕ್ಕದಲ್ಲಿ 15 ನಿಮಿಷ ಕೂರಬೇಕು. ಮಿಕ್ಕಿದ್ದೆಲ್ಲ ಅದಕ್ಕೆ ಹೊಂದಿಕೊಳ್ಳಬೇಕು.

ಮೊದಲ ವಾರ

ದಿನ ಗೊತ್ತುಮಾಡುವುದೇ ದೊಡ್ಡ ಕೆಲಸ. ಅಡಿಕೆ ಕೊಯ್ಲು ಬಿರುಸಾದರೆ ಹಗಲು ಮರವೇರಿ ಗೊನೆ ಕೊಯ್ಯುವ ಕೊನೆಗೌಡರ ಹಿಂದೆ, ರಾತ್ರಿ ಸುಲಿಯುವ ಚಪ್ಪರದಲ್ಲಿ, ಶಾಲೆಗೆ ಬರುವವರಾರು? ಸಂತೆಯ ದಿನವೂ ಬೇಡ. ನವೆಂಬರ್ ಕೊನೆಯ ಶನಿವಾರ ಎಂದಾಯಿತು. ಕೂಲಿಗೆ ಹೋಗುವವರಿಗೆ ಅರ್ಧ ದಿನ ತಪ್ಪಿದರೂ ನಷ್ಟವೇ, ಅದಕ್ಕೆ ಅವರಿಗಾಗಿ ಬೆಳಗ್ಗೆ 8ರಿಂದ 9ರ ಪಾಳಿ ಬೇರೆ. ಸಭೆಯ ನಡಾವಳಿ ಬರೆದು ಸಹಿ ಹಾಕಿಸಿದ್ದು ಅವತ್ತೇ. ಶಿಕ್ಷಣ ಹಕ್ಕು ಕಾಯ್ದೆ (2009) ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು ಇರಬೇಕು ಎನ್ನುತ್ತದೆ. ಕಾಗದದ ಮೇಲೆ ಇದ್ದೇ ಇರುತ್ತಾರೆ. ಈ ಸಲ ಊಟ, ಕೋಣೆ, ಲೆಕ್ಕ ಮೂರರ ಹೊಣೆಯೂ ತಾಯಂದಿರದು.

ಎರಡನೇ ವಾರ: ಇಳಿಜಾರು ದಾರಿ

ಜಗಲಿ ಅಂಗಳದಿಂದ 45 ಸೆಂ.ಮೀ. ಎತ್ತರ. ಗಾಲಿಕುರ್ಚಿಗೆ, ಊರುಗೋಲಿನ ಅಜ್ಜ-ಅಜ್ಜಿಯರಿಗೆ ಮೆಟ್ಟಿಲು ಆಗದ ಮಾತು. ಮೊದಲು ಹಾಕಿದ ಗುರುತು ಮೂರು ಮೀಟರ್ ಉದ್ದದ್ದು. ಅದು ತಪ್ಪು. ಒಂದಕ್ಕೆ ಹನ್ನೆರಡು ಎಂಬುದು ಲೆಕ್ಕ: 45 ಸೆಂ.ಮೀ. ಏರಲು 5.4 ಮೀಟರ್ ಬೇಕು. ಇದಕ್ಕಿಂತ ಕಡಿದಾದರೆ ಕುರ್ಚಿ ತಳ್ಳುವವರಿಗೆ ಏದುಸಿರು, ಇಳಿಯುವಾಗ ಹಿಡಿತ ತಪ್ಪುತ್ತದೆ. ಅಂಗಳದಲ್ಲಿ ನೇರಕ್ಕೆ ಅಷ್ಟು ಜಾಗವಿಲ್ಲದ್ದರಿಂದ ಗೋಡೆಗುಂಟ 2.7 ಮೀಟರ್, ತಿರುವಿನಲ್ಲಿ 1.2 ಮೀಟರಿನ ಸಮತಟ್ಟು, ಮತ್ತೆ 2.7 ಮೀಟರ್. ಅಗಲ 1.2 ಮೀಟರ್. ಇಕ್ಕೆಲಕ್ಕೆ ಚಿರೆಕಲ್ಲು, ನಡುವೆ ಮಣ್ಣು ತುಂಬಿ ದಿಮ್ಮಸು ಹೊಡೆದು, ಮೇಲೆ 10 ಸೆಂ.ಮೀ. ಕಾಂಕ್ರೀಟ್ (ಸಿಮೆಂಟ್ 1, ಮರಳು 2, ಜಲ್ಲಿ 4). ಐದು ಮೂಟೆ ಸಿಮೆಂಟ್ ಹಿಡಿಯಿತು. ನುಣ್ಣಗೆ ಮಾಡಲು ಹೊರಟ ಮೇಸ್ತ್ರಿಯನ್ನು ತಡೆದು ಕಡ್ಡಿಪೊರಕೆಯಿಂದ ಅಡ್ಡಕ್ಕೆ ಗೀರು ಎಳೆಸಿದ್ದಾಯಿತು. ನಮ್ಮ ಮಳೆಗೆ ನುಣ್ಣನೆಯ ಸಿಮೆಂಟ್ ಎರಡೇ ತಿಂಗಳಲ್ಲಿ ಪಾಚಿ ಕಟ್ಟುತ್ತದೆ. ಏಳು ದಿನ ಗೋಣಿ ಹೊದಿಸಿ ನೀರು. ಅದು ಐದನೇ ತರಗತಿಯ ಪಾಳಿ.

ಮೂರನೇ ವಾರ: ಸುಣ್ಣ, ಕರಿಹಲಗೆ

ಹೊರಗೋಡೆಗೆ 30 ಕೆಜಿ ಸುಟ್ಟ ಸುಣ್ಣ. ಕಬ್ಬಿಣದ ಡ್ರಮ್ಮಿಗೆ ಮೊದಲು ನೀರು, ಆಮೇಲೆ ಸುಣ್ಣದ ಕಲ್ಲು ಸ್ವಲ್ಪ ಸ್ವಲ್ಪವಾಗಿ. ಸುಣ್ಣದ ಮೇಲೆ ನೀರು ಸುರಿದರೆ ಕೊತಕೊತ ಕುದ್ದು ಮುಖಕ್ಕೆ ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಪ್ಲಾಸ್ಟಿಕ್ ಬಕೆಟ್ ಈ ಕಾವಿಗೆ ಸೊಟ್ಟಗಾಗುತ್ತದೆ. ಮಕ್ಕಳಿಲ್ಲದ ಭಾನುವಾರವೇ ಈ ಕೆಲಸ. ಕೆಜಿಗೆ ಐದು ಲೀಟರ್ ನೀರಿನಂತೆ ಕಲಸಿ, ಒಂದು ರಾತ್ರಿ ಒಂದು ಹಗಲು ಬಿಟ್ಟು, ಒರಟು ಬಟ್ಟೆಯಲ್ಲಿ ಸೋಸಬೇಕು. ಬಿಸಿನೀರಲ್ಲಿ ಕರಗಿಸಿದ ಉಪ್ಪು, 10 ಕೆಜಿ ಸುಣ್ಣಕ್ಕೆ 1.3 ಕೆಜಿ ಲೆಕ್ಕದಲ್ಲಿ, ಒಟ್ಟು ಸುಮಾರು ನಾಲ್ಕು ಕೆಜಿ. ಚಿಟಿಕೆ ನೀಲಿ.

ಉತ್ತರದ ಗೋಡೆ ಚೆನ್ನಾಗಿ ಬಂತು. ಪಶ್ಚಿಮದ್ದು ಮರುದಿನ ಒರಗಿದವರ ಬೆನ್ನಿಗೆಲ್ಲ ಬೆಳ್ಳಗೆ ಅಂಟಿತು. ಕಾರಣ: ಮಧ್ಯಾಹ್ನದ ಬಿಸಿಲಿಗೆ ಕಾದ ಒಣಗೋಡೆಗೆ ಬಳಿದದ್ದು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನ ಗಟ್ಟಿಯಾಗುವಂಥದ್ದು, ಅದಕ್ಕೆ ಹಸಿ ಇರಬೇಕು. ಬೇಗ ಒಣಗಿದರೆ ಬರೀ ಪುಡಿ. ತಿಕ್ಕಿ ಕೆಡವಿ, ಗೋಡೆಗೆ ನೀರು ಚಿಮುಕಿಸಿ, ಸಂಜೆ ಮತ್ತೆ ತೆಳ್ಳಗೆ ಎರಡು ಕೈ. ಆಫೀಸು ಕೋಣೆಯ ಡಿಸ್ಟೆಂಪರ್ ಗೋಡೆಗೆ ಸುಣ್ಣ ಮುಟ್ಟಿಸಲಿಲ್ಲ. ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಕರಿಹಲಗೆಗೆ 120 ನಂಬರಿನ ಉಜ್ಜುಕಾಗದ, ಬ್ಲ್ಯಾಕ್‌ಬೋರ್ಡ್ ಪೇಂಟು ಎರಡು ಕೈ, ನಡುವೆ ಒಂದು ದಿನದ ಬಿಡುವು. ಒಣಗಿದ ಮೇಲೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ಹಲಗೆ ತುಂಬ ತಿಕ್ಕಿ ಒರೆಸಬೇಕು. ಇದನ್ನು ಬಿಟ್ಟರೆ ಮೊದಲ ದಿನ ಬರೆದ ಅಕ್ಷರದ ನೆರಳು ವರ್ಷವಿಡೀ ಹೋಗುವುದಿಲ್ಲ.

ನಾಲ್ಕನೇ ವಾರ: ಕೋಣೆಗಳು

‘ಮೂರು ಕ್ಲಾಸಿನ ಮಕ್ಕಳನ್ನು ಒಟ್ಟಿಗೆ ಕೂರಿಸ್ತಾರಲ್ಲ, ಪಾಠ ಯಾವಾಗ ಮಾಡ್ತಾರೆ ಮೇಡಂ?’ ನಲಿ-ಕಲಿ (1ರಿಂದ 3ನೇ ತರಗತಿಯವರು ಒಟ್ಟಿಗೆ ಕಾರ್ಡು, ಚಟುವಟಿಕೆಗಳಿಂದ ಕಲಿಯುವ ಕ್ರಮ) ಕೋಣೆಗೆ ಬಂದ ಪಾಲಕರೆಲ್ಲ ಕೇಳುವುದು ಇದನ್ನೇ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಕ್ರಮವಾದರೂ ಇಂದಿಗೂ ಅದು ಮನೆಯವರಿಗೆ ಆಟದಂತೆಯೇ ಕಾಣುತ್ತದೆ. ಭಾಷಣ ಮಾಡಿ ಇದನ್ನು ತಿಳಿಸಲಾಗದು. ಮಗುವೇ, ಕಲಿಕೆಯ ಹಂತಗಳನ್ನು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿಯ ಮುಂದೆ ನಿಂತು ತಾನಿರುವ ಮೆಟ್ಟಿಲಿನ ಮೇಲೆ ಬೆರಳಿಟ್ಟು, ಆ ಚಿತ್ರದ ಕಾರ್ಡನ್ನು ಗೂಡಿನಿಂದ ಹುಡುಕಿ ತಂದು ಮಾಡಿ ತೋರಿಸಬೇಕು. ಎರಡು ಸಲ ತಾಲೀಮು ಸಾಕು. ಹೆಚ್ಚಾದರೆ ಗಿಳಿಪಾಠ.

ಗೋಡೆಗೆ ಹಚ್ಚುವುದರಲ್ಲಿ ಎಲ್ಲ ಕಡೆ ಆಗುವ ಎಡವಟ್ಟು ಒಂದೇ: ಕೈಬರಹ ಚಂದವಿರುವ ನಾಲ್ಕು ಮಕ್ಕಳದ್ದೇ ಚಾರ್ಟು. ಆದ್ದರಿಂದ ಪ್ರತಿ ಮಗುವಿನದೂ ಎರಡು ಹಾಳೆ, ಜೂನಿನದು ಮತ್ತು ನವೆಂಬರಿನದು, ತಾರೀಕು ಸಮೇತ, ತಿದ್ದದೆ. ಜೂನಿನ ಹಾಳೆಯಲ್ಲಿ ‘ಕ’ಕ್ಕೆ ಕೊಂಬು ಎತ್ತಲೋ ಹೋಗಿದೆ, ನವೆಂಬರಿನದರಲ್ಲಿ ‘ಕುರಿ’ ಗೆರೆಯ ಮೇಲೆ ಕೂತಿದೆ. ಅಕ್ಷರ ಬಾರದ ತಾಯಿಗೂ ಇಷ್ಟು ಕಾಣುತ್ತದೆ. ಅಂಕಪಟ್ಟಿ ಮಾತ್ರ ಗೋಡೆಗೆ ಬೇಡ, ಮನೆಮನೆಗೆ ಜಗಳ.

ನಲಿ-ಕಲಿ ಕೋಣೆಯಲ್ಲಿ ಮಕ್ಕಳ ಕೆಲಸ ತೂಗುಹಾಕುವ ಚಪ್ಪರದ ದಾರಗಳು ಮಕ್ಕಳ ಕೈಗೆ ನಿಲುಕುವಷ್ಟು ಕೆಳಗಿರುತ್ತವೆ, ದೊಡ್ಡವರ ತಲೆಗೆ ತಾಗುತ್ತವೆ. ಒಂದು ತುದಿಗೆ ಜಾರುಗಂಟು ಹಾಕಿ ಆ ದಿನಕ್ಕೆ ಎರಡಡಿ ಮೇಲೆತ್ತಲಾಯಿತು.

ಪಾಲಕರ ಕೈಗೆ ಮೂರು ಸಾಲಿನ ಚೀಟಿ: ಇದನ್ನು ಓದು. ನೂರು ರೂಪಾಯಿ ಕೊಟ್ಟು 68ರ ಸಾಮಾನು ತಂದರೆ ಚಿಲ್ಲರೆ ಎಷ್ಟು? ಯಾವುದು ಕಷ್ಟ? ಮೂರನೆಯದೇ ಮುಖ್ಯ.

ಐದನೇ ವಾರ: ಹೊರೆಕಾಣಿಕೆ, ಊಟ

ಬಿಸಿಯೂಟದ ದಾಸ್ತಾನು ಮಕ್ಕಳ ಹಾಜರಿಗೆ ಬಿಟ್ಟುಕೊಟ್ಟದ್ದು: 5ರವರೆಗೆ ತಲಾ 100 ಗ್ರಾಂ ಅಕ್ಕಿ, 6ರಿಂದ ಮೇಲೆ 150. ಅದರಿಂದ ಅತಿಥಿಗಳಿಗೆ ಒಂದು ಹಿಡಿಯೂ ತೆಗೆಯುವಂತಿಲ್ಲ. ಆದ್ದರಿಂದ ಹೊರೆಕಾಣಿಕೆ. ‘ಏನಾದರೂ ತನ್ನಿ’ ಎಂದರೆ ಎಲ್ಲರೂ ಸೌತೆಕಾಯಿಯೇ ತರುತ್ತಾರೆ. ಕೇರಿಗೊಂದು ಸಾಮಾನು ಹಂಚಿ, ಬಂದದ್ದನ್ನು ತೂಗಿ, ಹೆಸರಿಲ್ಲದೆ ಕೇರಿಯ ಲೆಕ್ಕದಲ್ಲಿ ಹಲಗೆಗೆ ಬರೆದದ್ದು. 220 ಜನಕ್ಕೆ ಅಕ್ಕಿ 25 ಕೆಜಿ, ತೊಗರಿಬೇಳೆ 6, ಹೆಸರುಬೇಳೆ ಪಾಯಸಕ್ಕೆ ಬೇಳೆ 3, ಬೆಲ್ಲ 5. ಅನ್ನ ಸುಮಾರು ಎಂಟೆಂಟು ಕೆಜಿಯ ಮೂರು ಒಬ್ಬೆ. ಒಂದೇ ಕೊಪ್ಪರಿಗೆಗೆ ಸುರಿದರೆ ತಳ ಸೀಯುತ್ತದೆ, ಮೇಲೆ ಅಕ್ಕಿ. ಪಾಯಸಕ್ಕೆ ಕಾಯಿಹಾಲು ಒಲೆ ಆರಿಸಿದ ಮೇಲೆ, ಕುದಿಸಿದರೆ ಒಡೆಯುತ್ತದೆ. ಅಡಿಕೆ ಹಾಳೆಯ ತಟ್ಟೆ ಮುನ್ನಾದಿನ ಬಿಸಿಲಿಗೆ. ತೇವದಲ್ಲಿಟ್ಟವಕ್ಕೆ ಬೂಷ್ಟು ಹಿಡಿದು 30 ಎಸೆಯಬೇಕಾಯಿತು.

ಆ ದಿನ

ಊಟದ ಚೀಟಿ ಕೊಟ್ಟದ್ದು ತರಗತಿಯ ಬಾಗಿಲಲ್ಲಿ, ಮಗುವಿನ ಜೊತೆ ಕೂತು ಎದ್ದ ಮೇಲೆ. ಮೈಕಿಗೆ 12ರವರೆಗೆ ಕರೆಂಟು ಕೊಡಲಿಲ್ಲ. ಸ್ವಲ್ಪ ಒರಟಾಯಿತು ಎಂದವರಿದ್ದಾರೆ, ಆದರೆ ಇಷ್ಟು ಮಾಡದಿದ್ದರೆ ಕೋಣೆ ಖಾಲಿ, ಶಾಮಿಯಾನ ಭರ್ತಿ. ಭಾಷಣ 20 ನಿಮಿಷದಲ್ಲಿ ಮುಗಿಯಿತು.

ಕೆಟ್ಟದ್ದು ಎರಡು. ಮಕ್ಕಳೇ ಅಂಗಡಿ ಇಟ್ಟು ಮಾರುವ ಮಕ್ಕಳ ಸಂತೆಯಲ್ಲಿ ಚಿಲ್ಲರೆ ಅರ್ಧ ಗಂಟೆಗೆ ಖಾಲಿ, ದೊಡ್ಡವರು ಫೋನಿನಲ್ಲಿ ದುಡ್ಡು ಹಾಕಿ ನಡೆದರು; ಮಕ್ಕಳಿಗೆ ಕಳೆಯುವ ಲೆಕ್ಕವೇ ಸಿಗಲಿಲ್ಲ. ಮುಂದಿನ ಸಲ ಅಂಗಡಿಗೆ ತಲಾ 100 ರೂಪಾಯಿಯ ನಾಣ್ಯ, ಫೋನು ಬಂದ್. ಮತ್ತೆ, ಕೈತೊಳೆಯಲು ಎರಡೇ ನಲ್ಲಿ, ಉದ್ದದ ಸಾಲು. ಪಿವಿಸಿ ಪೈಪಿಗೆ ಆರು ನಲ್ಲಿ ಕೂರಿಸಿದರೆ ಮುಗಿಯುತ್ತದೆ.

ಬಾಕಿ: ಇಳಿಜಾರಿಗೆ ಕೈಹಿಡಿ. ಬಾರದ ಐದು ಮನೆಗಳಿಗೆ ಮಕ್ಕಳ ಎರಡು ಹಾಳೆ ಹಿಡಿದು ಸೋಮವಾರ ಸಂಜೆ ಹೋಗುವುದು. ದೇವಸ್ಥಾನದ ಕೊಪ್ಪರಿಗೆ ತಿಕ್ಕಿ ವಾಪಸು ಕೊಟ್ಟಾಯಿತು, ಒಂದು ಸೌಟು ಲೆಕ್ಕಕ್ಕೆ ಸಿಕ್ಕಿಲ್ಲ.